ಮೂಟೆಗೆ ಎರಡು ಕೆ.ಜಿ.: ಒಬ್ಬ ರೈಟರ್‌ನ ಮನಸ್ಸಾಕ್ಷಿ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಹನ್ನೊಂದು ವರ್ಷದಿಂದ ರೈಟರ್ ಆಗಿದ್ದೇನೆ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಬರೆದುಕೊಳ್ಳುವುದು ನನ್ನ ಕೆಲಸ. ಕೂಲಿ ಕೆ.ಜಿ.ಗೆ 5 ರೂಪಾಯಿ. ಚೀಲಕ್ಕೆ ಒಂದು, ನೀರಿಗೆ ಒಂದು ಅಂತ ಮೂಟೆಗೆ 2 ಕೆ.ಜಿ. ಕಳೆಯುವುದು ಮೊದಲಿಂದ ಬಂದ ಪದ್ಧತಿ. ಹೋದ ವರ್ಷದಿಂದ 4 ಕಳೆಯಲು ಸಾಹುಕಾರ್ರು ಹೇಳಿದ್ದಾರೆ. ನಲವತ್ತು ಜನ ಕೊಯ್ಯುತ್ತಾರೆ. ಹೆಚ್ಚಿನವರು ಹೊರಗಿನಿಂದ ಬಂದವರು. ಒಬ್ಬೊಬ್ಬರದು ದಿನಕ್ಕೆ ಸುಮಾರು ಎರಡು ಮೂಟೆ ಆಗುತ್ತದೆ. ಸಾಹುಕಾರ್ರು ಕೆಟ್ಟವರಲ್ಲ. ನನ್ನ ಮಗಳ ಆಪರೇಷನ್‌ಗೆ ದುಡ್ಡು ಕೊಟ್ಟವರು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎಲ್ಲರಿಗಿಂತ ಹೆಚ್ಚು ಕೊಟ್ಟವರು. ನಾನೂ ದೇವರನ್ನು ನಂಬಿದವನು, ಸೋಮವಾರ ಒಪ್ಪೊತ್ತು ಮಾಡುತ್ತೇನೆ. ಈಚೆಗೆ ದೀಪ ಹಚ್ಚುವಾಗ ಮನಸ್ಸು ನಿಲ್ಲುತ್ತಿಲ್ಲ. ಹೇಳಿದ್ದನ್ನು ಮಾಡಿದವನಿಗೂ ಪಾಪ ತಟ್ಟುತ್ತದೆಯೇ? ಒಬ್ಬ ಗೆಳೆಯ, ‘ದೇವರ ಗೊಡವೆ ಬಿಡು, ಮನಸ್ಸಾಕ್ಷಿಯಂತೆ ನಡೆದರೆ ಸಾಕು’ ಅನ್ನುತ್ತಾನೆ. ಇನ್ನೊಬ್ಬ, ‘ತಪ್ಪುಕಾಣಿಕೆ ಹಾಕು, ಸರಿಹೋಗುತ್ತೆ’ ಅನ್ನುತ್ತಾನೆ. ಹೆಂಡತಿಗೂ ಹೇಳಿಲ್ಲ. ಕೆಲಸ ಬಿಟ್ಟರೆ ಮನೆ ನಡೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಮಾಡಿದವನು ನಾನು. ಧರ್ಮ, ಕರ್ಮ, ಪಾಪ, ಪುಣ್ಯದ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಆಕಾಶದಲ್ಲೇ ಇರುತ್ತವೆ. ನಿಮ್ಮದರಲ್ಲಿ ತೂಕ ಇದೆ, ಅಂಕಿ ಇದೆ, ನಲವತ್ತು ಜನ ಇದ್ದಾರೆ. ಹಾಗಾಗಿ ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ.

ನಾಳೆ ಬೆಳಿಗ್ಗೆ ಒಂದು ಖಾಲಿ ಗೋಣಿಚೀಲ ತೂಗಿ. ಒಣಗಿದ್ದು ಒಂದು, ಇಬ್ಬನಿಯಲ್ಲಿ ನೆನೆದದ್ದು ಒಂದು. ನಾಲ್ಕೈದು ಚೀಲ ತೂಗಿ ಸರಾಸರಿ ಬರೆದಿಟ್ಟುಕೊಳ್ಳಿ. ಮಳೆ ಬಿದ್ದ ದಿನ ಕೊಯ್ದ ಹಣ್ಣಿನಲ್ಲಿ ನೀರು ಎಷ್ಟು ಬರುತ್ತದೆ ಅನ್ನುವುದನ್ನೂ ನೋಡಿ. ಒಂದು ಬುಟ್ಟಿ ಹಣ್ಣನ್ನು ತೂಗಿ, ಕಣದಲ್ಲಿ ನೀರು ಇಳಿಯಲು ಬಿಟ್ಟು, ಮತ್ತೆ ತೂಗಿದರೆ ಗೊತ್ತಾಗುತ್ತದೆ. ಚೀಲದ ತೂಕ ಕಳೆಯುವುದು ನ್ಯಾಯ. ಹಣ್ಣಿನ ಮೇಲಿನ ನೀರಿನ ತೂಕ ಕಳೆಯುವುದೂ ನ್ಯಾಯ, ಅದು ನಿಜವಾಗಿ ಇದ್ದರೆ. ಹಣ್ಣಿನ ಜೊತೆ ಎಲೆ, ಕಡ್ಡಿ, ಹಸಿರು ಕಾಯಿ ಬಂದಿದ್ದರೆ ಅದನ್ನೂ ಮಾತಾಡಬಹುದು. ಆದರೆ ಡಿಸೆಂಬರಿನ ಒಣ ಬಿಸಿಲಿಗೂ ಅಕಾಲದಲ್ಲಿ ಮಳೆ ಬಿದ್ದ ದಿನಕ್ಕೂ ಒಂದೇ ಲೆಕ್ಕ, ಅದೂ ಒಂದು ವರ್ಷದಲ್ಲಿ ಎರಡು ಇದ್ದದ್ದು ನಾಲ್ಕಾಯಿತು ಅಂದರೆ, ಆ ಎರಡು ಕೆ.ಜಿ. ಚೀಲದ್ದೂ ಅಲ್ಲ, ನೀರಿನದ್ದೂ ಅಲ್ಲ.

ಮೊದಲು ತೂಗಿ ನೋಡಿ ಎಂದದ್ದಕ್ಕೆ ಕಾರಣ ಇದೆ. ಮನಸ್ಸು ಚುಚ್ಚುತ್ತಿದೆ ಅಂದ ಮಾತ್ರಕ್ಕೆ ನಾವು ಹಿಡಿದದ್ದೇ ಸತ್ಯವಾಗುವುದಿಲ್ಲ. ಎಷ್ಟು ಕಳೆದರೆ ನ್ಯಾಯ ಅನ್ನುವುದು ನಿಮಗೇ ಖಚಿತವಿಲ್ಲದೆ ಸಾಹುಕಾರ್ರ ಮುಂದೆ ನಿಂತರೆ ಅವರ ಮೊದಲ ಮಾತಿಗೇ ನೀವು ತಬ್ಬಿಬ್ಬಾಗುತ್ತೀರಿ. ಅದಕ್ಕಿಂತ ಹೆಚ್ಚಾಗಿ, ಅವರ ಮೇಲೆ ಅನ್ಯಾಯದ ಆರೋಪ ಹೊರಿಸುವ ಮುನ್ನ ಅಷ್ಟು ಶ್ರಮಪಡುವುದು ಅವರಿಗೆ ನೀವು ಸಲ್ಲಿಸಬೇಕಾದ ಮರ್ಯಾದೆ. ಮಗಳ ಆಪರೇಷನ್‌ಗೆ ದುಡ್ಡು ಕೊಟ್ಟವರು ಅವರು. ಆ ಋಣ ಸಣ್ಣದಲ್ಲ. ನಾನು ಅದನ್ನು ಮರೆಯಿರಿ ಎಂದು ಹೇಳುವವನಲ್ಲ.

ಈಗ ನಿಮ್ಮ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ. ಹೆಚ್ಚಿಗೆ ಕಳೆದದ್ದು ಮೂಟೆಗೆ 2 ಕೆ.ಜಿ. ಒಬ್ಬರಿಗೆ ದಿನಕ್ಕೆ ಎರಡು ಮೂಟೆ, ಅಂದರೆ 4 ಕೆ.ಜಿ., 20 ರೂಪಾಯಿ. ಅರವತ್ತು ದಿನ ಕೊಯ್ಲು ಅಂದುಕೊಂಡರೆ ತಲೆಗೆ 1,200 ರೂಪಾಯಿ. ನಲವತ್ತು ಜನಕ್ಕೆ 48,000. ತೋಟದ ಒಟ್ಟು ವಹಿವಾಟಿನಲ್ಲಿ ಈ ಹಣ ದೊಡ್ಡದಲ್ಲ ಎಂದು ಸಾಹುಕಾರ್ರು ಅನ್ನಬಹುದು. ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ಒಲೆ ಹಚ್ಚುವವಳಿಗೆ 1,200 ಅಂದರೆ ಊರಿಗೆ ಹೋಗಿಬರುವ ಟಿಕೆಟ್, ಇಲ್ಲವೇ ಮಗುವಿಗೆ ಒಂದು ಸ್ವೆಟರು, ಒಂದು ತಿಂಗಳ ಔಷಧಿ. ದಿನಕ್ಕೆ 20 ರೂಪಾಯಿ ಆದದ್ದರಿಂದ ಯಾರೂ ಜಗಳ ತೆಗೆಯುವುದಿಲ್ಲ. ಅವರಿಗೆ ಅನುಮಾನ ಇರುತ್ತದೆ, ನಿಮ್ಮ ಮುಖ ನೋಡುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ಹೋಗುತ್ತಾರೆ. ನಿಮ್ಮ ಮನಸ್ಸು ದೀಪದ ಮುಂದೆ ನಿಲ್ಲದಿರುವುದಕ್ಕೆ ಆ ನೋಟವೇ ಕಾರಣ ಎಂದು ನನ್ನ ಊಹೆ.

ಗೆಳೆಯರಿಬ್ಬರಲ್ಲಿ ಮೊದಲನೆಯವರ ಮಾತು ತೆಗೆದುಕೊಳ್ಳುತ್ತೇನೆ. ಮನಸ್ಸಾಕ್ಷಿಯಂತೆ ನಡೆದರೆ ಸಾಕು ಅನ್ನುತ್ತಾರೆ. ನಮ್ಮ ಭಾಷೆ ಆ ಒಳದನಿಗೆ ‘ಸಾಕ್ಷಿ’ ಎಂಬ ಮಾತನ್ನು ಕೂಡಿಸಿದೆ. ಮನಸ್ಸಾಕ್ಷಿ, ಆತ್ಮಸಾಕ್ಷಿ, ಅಂತಃಸಾಕ್ಷಿ. ಕೋರ್ಟಿನ ಕಟಕಟೆ ನೋಡಿದವರಿಗೆಲ್ಲ ಗೊತ್ತು, ಸಾಕ್ಷಿ ತೀರ್ಪು ಕೊಡುವವನಲ್ಲ. ಕಂಡದ್ದನ್ನು ಕಂಡಹಾಗೆ ಹೇಳುವವನು. ಅವನನ್ನು ಕರೆದರೆ ಮಾತ್ರ ಬರುತ್ತಾನೆ. ಹೆದರಿಸಿದರೆ ಹಿಂದೆ ಸರಿಯುತ್ತಾನೆ, ಕೊಂಡುಕೊಂಡರೆ ತಿರುಗಿ ಬೀಳುತ್ತಾನೆ. ಬಹಳ ದಿನ ಕರೆಯದೇ ಇದ್ದರೆ ಕಂಡದ್ದನ್ನೇ ಮರೆಯುತ್ತಾನೆ. ಒಳಗಿನ ಸಾಕ್ಷಿಯ ಗತಿಯೂ ಹೀಗೇ. ಮೊದಲ ವಾರ ಎರಡು ಕೆ.ಜಿ. ಹೆಚ್ಚಿಗೆ ಕಳೆದಾಗ ನಿಮಗೆ ಅನ್ನ ಸೇರಿರಲಿಕ್ಕಿಲ್ಲ. ಎರಡನೆಯ ಕೊಯ್ಲಿನ ಹೊತ್ತಿಗೆ ಪೆನ್ನು ತಾನೇ ನಾಲ್ಕು ಕಳೆದು ಬರೆದಿರುತ್ತದೆ.

ಈ ಮಾತಿಗೆ ಒಂದು ಹಳೆಯ ಉದಾಹರಣೆ ಇದೆ, ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ. ‘ಸತಾಂ ಹಿ ಸಂದೇಹಪದೇಷು ವಸ್ತುಷು ಪ್ರಮಾಣಮಂತಃಕರಣಪ್ರವೃತ್ತಯಃ’ ಎಂಬ ಸಾಲನ್ನು ಭಾಷಣಗಳಲ್ಲಿ ಕೇಳಿರುತ್ತೀರಿ. ಸಂಶಯ ಬಂದ ಕಡೆ ಸಜ್ಜನರಿಗೆ ಅವರ ಅಂತಃಕರಣದ ಒಲವೇ ಪ್ರಮಾಣ ಎಂದು ಅರ್ಥ. ಇದನ್ನು ಹೇಳುವವನು ಕಾಳಿದಾಸನ ಶಾಕುಂತಲ ನಾಟಕದ ದುಷ್ಯಂತ. ಹೇಳುವುದು ಯಾವಾಗ? ಮರದ ಮರೆಯಲ್ಲಿ ನಿಂತು ಶಕುಂತಲೆಯನ್ನು ಕಂಡು ಮೋಹಗೊಂಡಾಗ. ನನ್ನ ಮನಸ್ಸು ಇವಳನ್ನು ಬಯಸಿದೆ, ಹಾಗಾಗಿ ಇವಳು ನಾನು ಮದುವೆಯಾಗಲು ತಕ್ಕವಳೇ ಇರಬೇಕು ಎಂದು ಅವನ ತರ್ಕ. ಅವನ ಊಹೆ ಮುಂದೆ ಸರಿಯೇ ಆಗುತ್ತದೆ, ಅದು ಬೇರೆ ಮಾತು. ಆದರೆ ಮನಸ್ಸಾಕ್ಷಿಯ ಬಗ್ಗೆ ನಾವು ಇಷ್ಟು ಗೌರವದಿಂದ ಎತ್ತಿ ಹೇಳುವ ಸಾಲು, ತನಗೆ ಬೇಕಾದದ್ದನ್ನೇ ಸರಿ ಎಂದು ಹೇಳಿಸಿಕೊಳ್ಳುತ್ತಿರುವ ಒಬ್ಬ ಅರಸನ ಬಾಯಿಂದ ಬಂದದ್ದು ಎಂಬುದನ್ನು ನಾವು ಮರೆಯಬಾರದು. ಇನ್ನೂ ಒಂದು ಗಮನಿಸಿ: ‘ಸತಾಂ’ ಎಂಬ ಪದ ಅಲ್ಲಿದೆ. ಸಜ್ಜನರಿಗೆ ಮಾತ್ರ ಅದು ಪ್ರಮಾಣ. ಸಜ್ಜನನಾಗುವ ಕೆಲಸ ಅದಕ್ಕೆ ಮೊದಲೇ ನಡೆದಿರಬೇಕು.

ಗಾಂಧೀಜಿ 1933ರ ಮೇ 8ರಂದು ಯರವಡಾ ಜೈಲಿನಲ್ಲಿ 21 ದಿನಗಳ ಉಪವಾಸ ಶುರುಮಾಡಿದಾಗ, ಒಳದನಿ ಹೇಳಿತು, ಅದಕ್ಕೆ ಮಾಡುತ್ತಿದ್ದೇನೆ ಎಂದರು. ಆಗ ಅನೇಕರು, ಹಾಗಾದರೆ ಯಾರು ಬೇಕಾದರೂ ಒಳದನಿ ಅಂತ ಹೇಳಬಹುದಲ್ಲ ಎಂದು ಕೇಳಿದರು. ಅದನ್ನು ಕೇಳಿಸಿಕೊಳ್ಳುವ ಮುನ್ನ ದೀರ್ಘವಾದ, ಕಠಿಣವಾದ ಅಭ್ಯಾಸ ಬೇಕು ಎಂಬುದು ಅವರ ನಿಲುವು. ನನಗೆ ಇದು ಬಹಳ ಮುಖ್ಯವಾಗಿ ಕಂಡಿದೆ. ಸಂಗೀತದ ಕಿವಿಯ ಹಾಗೆ ಮನಸ್ಸಾಕ್ಷಿಯೂ ಸಾಧನೆಯಿಂದ ಬರುತ್ತದೆ, ಬಿಟ್ಟರೆ ಹೋಗುತ್ತದೆ.

ಈ ಸಾಧನೆ ಎಲ್ಲಿ ನಡೆಯುತ್ತದೆ ಎಂದು ನೀವು ಕೇಳಿದರೆ, ನಾನು ನಿಮ್ಮ ತೋಟದಿಂದ ಪೂರ್ವಕ್ಕೆ, ನಮ್ಮ ಜಿಲ್ಲೆಯ ಇನ್ನೊಂದು ತುದಿಗೆ ಕರೆದುಕೊಂಡು ಹೋಗುತ್ತೇನೆ.

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದ್ದೀರಿ ಅಂದುಕೊಳ್ಳುತ್ತೇನೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ 58 ಅಡಿಯ ಗೊಮ್ಮಟನನ್ನು ನೋಡುವವರು, ಅವನ ಎದುರಿಗೆ ನಿಂತ ಗುಳ್ಳಕಾಯಜ್ಜಿಯ ಸಣ್ಣ ಮೂರ್ತಿಯನ್ನು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಅವಳ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. 981ರ ಸುಮಾರಿಗೆ ಮೂರ್ತಿ ಮಾಡಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿ ಅಭಿಷೇಕ ಮಾಡಿದರೂ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲವಂತೆ. ಒಬ್ಬ ಬಡ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಅಡಿಯವರೆಗೂ ಹರಿದು ಬೆಟ್ಟವನ್ನೆಲ್ಲ ತೋಯಿಸಿತಂತೆ. ಸಾಹುಕಾರ್ರು ದೇವಸ್ಥಾನಕ್ಕೆ ಕೊಟ್ಟ ಹಣವನ್ನು ದೇವರು ಒಪ್ಪುತ್ತಾನೋ ಇಲ್ಲವೋ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಪ್ರಶ್ನೆ ಇದೆ. ಅದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆದರೆ ಇಷ್ಟು ಶ್ರೀಮಂತವಾದ ಒಂದು ಕ್ಷೇತ್ರ, ಮಾಡಿಸಿದ ದಂಡನಾಯಕನ ಹಾಲು ಸಾಲದೆ ಹೋಯಿತು ಎಂಬ ಕತೆಯನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದು, ಆ ಅಜ್ಜಿಯನ್ನು ಕಲ್ಲಿನಲ್ಲಿ ಕಡೆಸಿ ದೇವರ ಎದುರಿಗೇ ನಿಲ್ಲಿಸಿದೆ. ದಾನ ಕೊಡುವವರು ಅವಳನ್ನು ದಾಟಿಯೇ ಒಳಗೆ ಹೋಗಬೇಕು.

ಜೈನ ಗೃಹಸ್ಥರಿಗೆ ಐದು ಅಣುವ್ರತಗಳಿವೆ: ಅಹಿಂಸೆ, ಸತ್ಯ, ಅಚೌರ್ಯ (ಕದಿಯದಿರುವುದು), ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ (ಆಸ್ತಿಗೆ ಮಿತಿ ಹಾಕಿಕೊಳ್ಳುವುದು). ಒಂದೊಂದು ವ್ರತಕ್ಕೂ ಐದೈದು ‘ಅತಿಚಾರ’ಗಳನ್ನು, ಅಂದರೆ ವ್ರತ ಮುರಿಯದೆಯೇ ಅದರ ಮೇರೆ ಮೀರುವ ಬಗೆಗಳನ್ನು ಹೇಳಿದ್ದಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯದ ಅತಿಚಾರಗಳು ಬರುತ್ತವೆ. ಕಳ್ಳತನಕ್ಕೆ ಬೇರೆಯವರನ್ನು ಪ್ರೇರೇಪಿಸುವುದು. ಕದ್ದು ತಂದದ್ದನ್ನು ಕೊಳ್ಳುವುದು. ರಾಜ್ಯದ ನಿಯಮ ಮೀರುವುದು. ಹೀನಾಧಿಕ ಮಾನೋನ್ಮಾನ, ಎಂದರೆ ಕೊಡುವಾಗ ಕಡಿಮೆ ಅಳತೆ, ತೆಗೆದುಕೊಳ್ಳುವಾಗ ಹೆಚ್ಚು ಅಳತೆ. ಕೊನೆಯದು ಕಲಬೆರಕೆ. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಯಿತು. ಮೋಕ್ಷಮಾರ್ಗವನ್ನು ಹೇಳುವ ಗ್ರಂಥ ತಕ್ಕಡಿಯ ಮುಂದೆ ಬಂದು ಕೂತಿದೆ. ಬೀಗ ಮುರಿಯುವ ಕಳ್ಳನಿಗಾಗಿ ಬರೆದದ್ದಲ್ಲ ಇದು. ಪೂಜೆ ಮಾಡುವ, ಉಪವಾಸ ಇರುವ, ನಾನು ಯಾರ ಮನೆಗೂ ಕನ್ನ ಹಾಕಿಲ್ಲ ಎಂದುಕೊಂಡಿರುವ ನಮ್ಮಂಥವರಿಗಾಗಿ ಬರೆದದ್ದು.

ನಿಮ್ಮ ಕಣಕ್ಕೆ ಇದನ್ನು ಹೊಂದಿಸಿ ನೋಡಿ. ಹಣ್ಣು ತೋಟಕ್ಕೆ ಪೂರ್ತಿ ತೂಕದಲ್ಲಿ ಸೇರುತ್ತದೆ, ಕೂಲಿ ಕಡಿಮೆ ತೂಕದಲ್ಲಿ ಹೋಗುತ್ತದೆ. ಹೀನಾಧಿಕ ಮಾನೋನ್ಮಾನಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಾರದು. ಹೇಳಿದ್ದನ್ನು ಮಾಡಿದವನಿಗೂ ಪಾಪವೇ ಎಂದಿರಿ. ಆ ಪಟ್ಟಿಯಲ್ಲಿ ಪ್ರೇರೇಪಿಸಿದವನೂ ಇದ್ದಾನೆ, ಕಡಿಮೆ ಅಳೆದವನೂ ಇದ್ದಾನೆ. ಹೇಳಿದವರ ಪಾಲು ದೊಡ್ಡದು, ಲಾಭವೂ ಅವರದೇ. ಬಿಟ್ಟರೆ ಮನೆ ನಡೆಯದು ಎಂಬ ನಿಮ್ಮ ಕಷ್ಟ ನಿಮ್ಮ ಪಾಲನ್ನು ಹಗುರ ಮಾಡುತ್ತದೆ, ಇಲ್ಲ ಎನ್ನಲಾರೆ. ಆದರೆ ಪೆನ್ನು ನಿಮ್ಮ ಕೈಯಲ್ಲಿದೆ. ಪೂರ್ತಿ ಇಳಿಯುವುದಿಲ್ಲ ಆ ಭಾರ.

ಇದನ್ನು ನಾನು ಎತ್ತರದ ಪೀಠದಲ್ಲಿ ಕೂತು ಹೇಳುತ್ತಿಲ್ಲ. 1994ರ ಸುಮಾರಿನ ಮಾತು. ಹಾಜರಿ ಶೇ. 75 ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ನನ್ನ ತರಗತಿಯಲ್ಲಿ ಇಬ್ಬರಿಗೆ ಕಡಿಮೆ ಬಿತ್ತು. ಒಬ್ಬ ಊರಿನ ದೊಡ್ಡವರ ಮಗ. ಇನ್ನೊಬ್ಬಳು ಹಳ್ಳಿಯ ಹುಡುಗಿ, ಆಲೂಗಡ್ಡೆ ಕೀಳುವ ಕಾಲದಲ್ಲಿ ಅಮ್ಮನ ಜೊತೆ ಕೂಲಿಗೆ ಹೋಗಿ ತರಗತಿ ತಪ್ಪಿಸಿಕೊಂಡವಳು. ಮೇಲಿನವರು ನನ್ನನ್ನು ಕರೆದು ಆ ಹುಡುಗನ ಹಾಜರಿ ತುಂಬಿ ಎಂದರು. ತುಂಬಿದೆ. ಹುಡುಗಿಗಾಗಿ ಯಾರೂ ಹೇಳಲಿಲ್ಲ, ನಾನೂ ನಿಯಮ ನಿಯಮವೇ ಎಂದು ಸುಮ್ಮನಾದೆ. ಒಂದೇ ಪುಸ್ತಕ, ಒಂದೇ ಪೆನ್ನು. ಅವಳ ಒಂದು ವರ್ಷ ಹೋಯಿತು. ಆ ದಿನ ಸಂಜೆ ನಾನು ಎಂದಿನಂತೆ ಸಂಧ್ಯಾವಂದನೆ ಮಾಡಿದೆ, ಮಂತ್ರಗಳೆಲ್ಲ ನೆಟ್ಟಗೇ ಬಂದವು. ನನಗೆ ಈಗಲೂ ಭಯ ಹುಟ್ಟಿಸುವುದು ಅದೇ, ಮಂತ್ರ ತಡವರಿಸಲಿಲ್ಲ. ಬಹಳ ವರ್ಷದ ಮೇಲೆ ಅವಳ ಮನೆ ಹುಡುಕಿಕೊಂಡು ಹೋಗಿ ತಪ್ಪೊಪ್ಪಿಕೊಂಡೆ. ಕಾಫಿ ಕೊಟ್ಟಳು. ‘ಆಗ್ಲೇ ಹೇಳಿದ್ರೆ ಚೆನ್ನಾಗಿತ್ತು ಸಾರ್’ ಅಂದಳು, ಅಷ್ಟೇ. ನಿಮಗೆ ದೀಪದ ಮುಂದೆ ಮನಸ್ಸು ನಿಲ್ಲುತ್ತಿಲ್ಲ ಎಂದು ಓದಿದಾಗ, ನನಗಿಂತ ನೀವು ವಾಸಿ ಅನ್ನಿಸಿತು. ನಿಮ್ಮ ಸಾಕ್ಷಿ ಇನ್ನೂ ಕಟಕಟೆಗೆ ಬರುತ್ತಿದ್ದಾನೆ.

ಹಾಗಾದರೆ ದೇವರ ಗೊಡವೆ ಬೇಕೇ? ದೇವರನ್ನು ನಂಬದೆ ನ್ಯಾಯವಾಗಿ ಬಾಳಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅವರ ಮುಂದೆ ತಲೆಬಾಗುತ್ತೇನೆ. ನಿಮ್ಮ ಗೆಳೆಯರೂ ಅಂಥವರೇ ಇರಬಹುದು. ನನ್ನ ಅನುಭವ ಬೇರೆ. ನನ್ನಂಥ ದುರ್ಬಲ ಮನುಷ್ಯನಿಗೆ ಒಳಗಿನ ಸಾಕ್ಷಿಯನ್ನು ದಿನಾ ಕರೆಯುವ ಒಂದು ಏರ್ಪಾಡು ಬೇಕು. ಶ್ರದ್ಧೆ ಅಂದರೆ ನನಗೆ ಆ ಏರ್ಪಾಡು. ಜೈನರು ಪ್ರತಿಕ್ರಮಣ ಮಾಡುತ್ತಾರೆ, ದಿನದ ತಪ್ಪುಗಳನ್ನು ಎಣಿಸಿ ಹಿಂದಕ್ಕೆ ಬರುವುದು ಎಂದು ಅದರ ಅರ್ಥ. ಕ್ರೈಸ್ತರಲ್ಲಿ ಪಾಪನಿವೇದನೆ ಇದೆ. ಪ್ರವಾದಿ ಮುಹಮ್ಮದರು ವಾಬಿಸಾ ಎಂಬ ಸಂಗಡಿಗನಿಗೆ, ನಿನ್ನ ಹೃದಯವನ್ನೇ ಕೇಳು, ಜನ ಏನೇ ಫತ್ವಾ (ಧರ್ಮದ ತೀರ್ಪು) ಕೊಟ್ಟರೂ ಎದೆಯಲ್ಲಿ ಹೊಯ್ದಾಡುವುದೇ ಪಾಪ ಎಂದು ಹೇಳಿದರೆಂದು ಹದೀಸಿನಲ್ಲಿದೆ. ‘ತಪ್ಪುಕಾಣಿಕೆ ಹಾಕು’ ಎಂದು ನಿಮ್ಮ ಎರಡನೆಯ ಗೆಳೆಯರು ಕೊಟ್ಟದ್ದು ಅಂಥ ಒಂದು ಫತ್ವಾ. ನಿಮ್ಮ ಎದೆ ಅದನ್ನು ಒಪ್ಪಿಲ್ಲ, ಸರಿಯಾಗಿಯೇ ಒಪ್ಪಿಲ್ಲ.

ತಪ್ಪುಕಾಣಿಕೆಯನ್ನು ನಾನು ಹಳಿಯುತ್ತಿಲ್ಲ. ಹರಕೆ ಮರೆತದ್ದಕ್ಕೆ, ದೇವರಿಗೆ ನೇರವಾಗಿ ತಪ್ಪಿದ್ದಕ್ಕೆ ಅದು ಸಲ್ಲುತ್ತದೆ. ಕೂಲಿಯವಳ 20 ರೂಪಾಯಿಗೆ ವಾರಸುದಾರಳು ಇದ್ದಾಳೆ. ಅವಳ ದುಡ್ಡನ್ನು ಹುಂಡಿಗೆ ಹಾಕಿದರೆ ಕೊಟ್ಟಂತಾಗುವುದಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡುವ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ದೇವರ ಮೇಲೆ ಇಡುವುದಕ್ಕೂ ‘ನಂಬಿಕೆ’ ಎನ್ನುತ್ತೇವೆ, ಮನುಷ್ಯರ ಮೇಲೆ ಇಡುವುದಕ್ಕೂ ‘ನಂಬಿಕೆ’ ಎನ್ನುತ್ತೇವೆ. ನಂಬಿಕಸ್ಥ ರೈಟರು ಎಂದರೆ ದೇವಭಕ್ತ ಎಂದಲ್ಲ, ಲೆಕ್ಕದಲ್ಲಿ ಮೋಸ ಮಾಡದವನು ಎಂದು. ಎರಡಕ್ಕೆ ಬೇರೆ ಬೇರೆ ಪದ ಹುಡುಕುವ ಅಗತ್ಯ ನಮ್ಮ ಹಿರಿಯರಿಗೆ ಕಾಣಲಿಲ್ಲ. ನೀವು ಸೋಮವಾರ ಶಿವನನ್ನು ನಂಬಿ ಒಪ್ಪೊತ್ತು ಇರುತ್ತೀರಿ. ಅದೇ ಸೋಮವಾರ ಸಂಜೆ ನಲವತ್ತು ಜನ ಓದಲು ಬಾರದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಾ ನಿಮ್ಮನ್ನು ನಂಬುತ್ತಾರೆ. ಅವರ ನಂಬಿಕೆ ಕೆಡಿಸಿ ನಿಮ್ಮ ನಂಬಿಕೆ ಗಟ್ಟಿಯಾಗಿ ಉಳಿಯಲಿ ಅಂದರೆ ಆಗದು. ನಿಮಗೆ ಆಗುತ್ತಿರುವುದು ಅದೇ ಎಂದು ನಾನು ತಿಳಿದಿದ್ದೇನೆ.

ಹೊರಗಿನಿಂದ ಬಂದವರು ಎಂದು ಬರೆದಿದ್ದೀರಿ. ಭಾಷೆ ಬೇರೆ, ದೇವರು ಬೇರೆ, ಮಾರ್ಚ್ ಬಂದರೆ ಗಂಟು ಕಟ್ಟಿ ಹೊರಡುವವರು. ಅಂಥವರ ವಿಷಯದಲ್ಲಿ ಮನಸ್ಸಾಕ್ಷಿ ಬೇಗ ಮಂಕಾಗುತ್ತದೆ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಕೊಟ್ಟ ತೀರ್ಮಾನ ಅದು. ಅರಸ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನೆಂದೂ, ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಬಗೆಯಬೇಕೆಂದೂ ಅದರಲ್ಲಿದೆ. ಕೈ ಹಿಡಿಯಬೇಕಾದ ಭಾರವನ್ನು ಅವನು ಬಲವಿದ್ದವರ ಮೇಲೆ ಹೊರಿಸಿದ. ನಿಮ್ಮ ಕಣದಲ್ಲಿ ಬಲ ಇರುವುದು ಸಾಹುಕಾರ್ರ ಬಳಿ, ಅವರ ನಂತರ ನಿಮ್ಮ ಬಳಿ.

ಸಾಹುಕಾರ್ರ ಹತ್ತಿರ ಮಾತಾಡಲೇಬೇಕು. ಬಟವಾಡೆಯ ದಿನ ಬೇಡ, ಆಳುಗಳ ಮುಂದೆ ಬೇಡ, ಮೇಸ್ತ್ರಿಯ ಮುಂದೆಯೂ ಬೇಡ. ಬೆಳಿಗ್ಗೆ ಅವರು ಒಬ್ಬರೇ ಕಾಫಿ ಕುಡಿಯುತ್ತಾ ಕೂತಿರುವಾಗ ಹೋಗಿ. ಋಣದಿಂದಲೇ ಶುರುಮಾಡಿ, ಅದು ನಿಜ ಆದ್ದರಿಂದ. ‘ಸಾಹುಕಾರ್ರೇ, ಮಗಳ ವಿಷಯದಲ್ಲಿ ನೀವು ಮಾಡಿದ್ದನ್ನ ಜೀವ ಇರೋತನಕ ಮರೆಯಲ್ಲ. ಅದಕ್ಕೇ ನಿಮ್ಮ ಹತ್ರ ಒಂದು ಮಾತು ಮುಚ್ಚಿಟ್ಟುಕೊಂಡು ಇರಕ್ಕೆ ಆಗ್ತಿಲ್ಲ. ಚೀಲ ತೂಗಿ ನೋಡಿದೀನಿ, ಇಷ್ಟು ಬಂತು. ಇಷ್ಟನ್ನ ಕಳೆಯೋಣ. ಮಳೆ ಬಿದ್ದ ದಿನ ನೀರಿಗೆ ಅಂತ ಆಳುಗಳ ಎದುರಿಗೇ ಮಾತಾಡಿ ಕಳೆಯೋಣ. ಮಿಕ್ಕಿದ್ದು ನನ್ನ ಕೈಲಿ ಬರೆಯಕ್ಕೆ ಆಗಲ್ಲ.’ ಈ ಮಾತುಗಳೇ ಆಗಬೇಕೆಂದಿಲ್ಲ. ಆದರೆ ‘ನೀವು ಮೋಸ ಮಾಡ್ತಿದೀರಿ’ ಎಂದು ಶುರುಮಾಡಿದರೆ ಅಲ್ಲಿಗೆ ಮಾತು ಮುಗಿಯುತ್ತದೆ, ಕೂಲಿಯವರಿಗೆ ಒಂದು ಕೆ.ಜಿ.ಯೂ ವಾಪಸು ಬರುವುದಿಲ್ಲ.

ಅವರಿಗೆ ತಾಗುವ ಒಂದು ಮಾತಿದೆ, ಸಮಯ ನೋಡಿ ಹೇಳಿ. ಕಾಫಿ ಮಾರುವಾಗ ವ್ಯಾಪಾರಿ ತೇವ ಜಾಸ್ತಿ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಕಡಿಮೆ ಎಂದು ಕಳೆಯುತ್ತಾನಲ್ಲ, ಆಗ ಅವರಿಗೆ ಹೇಗಾಗುತ್ತದೆ? ಬೆಳೆಗಾರರು ಸೇರಿದ ಕಡೆಯೆಲ್ಲ ಈ ಸಂಕಟದ ಮಾತೇ ಕೇಳುತ್ತೇನೆ. ತಮ್ಮ ಮೂಟೆಯಿಂದ ಕಾರಣವಿಲ್ಲದೆ ಹೋದ ಕೆ.ಜಿ.ಯ ನೋವು ಅವರಿಗೆ ಚೆನ್ನಾಗಿ ಗೊತ್ತು. ಅವರ ಕಷ್ಟಗಳೂ ಸುಳ್ಳಲ್ಲ. ಆಳು ಸಿಗುವುದಿಲ್ಲ, ಆನೆ ಬಂದರೆ ಒಂದು ರಾತ್ರಿಯಲ್ಲಿ ವರ್ಷದ ಗಿಡಗಳು ಹೋಗುತ್ತವೆ, ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುತ್ತದೆ. ಕೆ.ಜಿ.ಗೆ 5 ರೂಪಾಯಿ ಕೊಡಲು ಆಗದಿದ್ದರೆ ಕೊಯ್ಲಿಗೆ ಮುಂಚೆಯೇ ಆಳುಗಳ ಜೊತೆ ಕೂತು ಬೇರೆ ದರ ಮಾತಾಡಲಿ, ಅದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕೆಳಗಿಳಿಯದಿದ್ದರೆ ಸಾಕು. ಬಾಯಲ್ಲಿ 5 ಎಂದು, ತಕ್ಕಡಿಯಲ್ಲಿ ಕಡಿಮೆ ಮಾಡುವುದೇ ತಪ್ಪು.

ಕಾನೂನನ್ನೂ ತಿಳಿದಿರಿ, ಬೆದರಿಸಲಿಕ್ಕಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ‘ವ್ಯವಹಾರ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಮಾಡಿದ ಕೆಲಸವನ್ನೂ ಸಲ್ಲಬೇಕಾದ ಕೂಲಿಯನ್ನೂ ಲೆಕ್ಕ ಹಾಕುವುದು ಸೇರಿದೆ. ಅಂಗಡಿಯ ತಕ್ಕಡಿಯಂತೆ ನಿಮ್ಮ ಕಣದ ತಕ್ಕಡಿಯೂ ಅದರ ಕೆಳಗೆ ಬರುತ್ತದೆ, ಅದಕ್ಕೂ ಇಲಾಖೆಯ ಮುದ್ರೆ ಬೇಕು. ಈ ಒಂದು ವಿಷಯ ಗೊತ್ತಾದರೆ ಸಾಕು, ಎಷ್ಟೋ ಮಾಲೀಕರು ತಾವೇ ಸರಿಪಡಿಸಿಕೊಳ್ಳುತ್ತಾರೆ.

ಅವರು ಒಪ್ಪಿದರೆ ಅಂದಿನಿಂದಲೇ ಮೂರು ಕೆಲಸ ಮಾಡಿ. ತೂಕದ ಯಂತ್ರದ ಅಂಕಿ ಆಳುಗಳಿಗೆ ಕಾಣುವಂತೆ ತಿರುಗಿಸಿ ಇಡಿ. ತೂಕ ಎಷ್ಟು, ಕಳೆದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಗಟ್ಟಿಯಾಗಿ ಕೂಗಿ ಹೇಳಿ ಬರೆಯಿರಿ. ಅವರ ಭಾಷೆಯಲ್ಲಿ ಒಂದರಿಂದ ನೂರರವರೆಗೆ ಎಣಿಸಲು ಕಲಿಯಿರಿ, ಒಂದು ವಾರದ ಕೆಲಸ. ಮುಂದೆ ನಿಮ್ಮ ಮನಸ್ಸು ಎಂದಾದರೂ ಸಡಿಲವಾದರೂ ಎದುರಿಗೆ ನಲವತ್ತು ಸಾಕ್ಷಿಗಳು ಇರುತ್ತಾರೆ.

ಒಪ್ಪದಿದ್ದರೆ? ನಾಳೆಯೇ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ಪಿಂಚಣಿ ತೆಗೆದುಕೊಂಡು ಕೂತವನು ಇನ್ನೊಬ್ಬರ ಮನೆಯ ಒಲೆ ಆರಿಸುವ ಸಲಹೆ ಕೊಡಬಾರದು. ಆದರೆ ಮನಸ್ಸಿನಲ್ಲೇ ಒಂದು ಗಡುವು ಹಾಕಿಕೊಳ್ಳಿ, ಈ ಕೊಯ್ಲು ಮುಗಿಯುವವರೆಗೆ ಎಂದು. ಅಲ್ಲಿಯವರೆಗೆ ತೂಕ ಬರೆಯುವ ಕೆಲಸ ಬೇರೆಯವರಿಗೆ ಕೊಡಿ, ನನಗೆ ಗಿಡದ ಕೆಲಸ, ಮೆಣಸಿನ ಕೆಲಸ ನೋಡಿಕೊಳ್ಳಲು ಬಿಡಿ ಎಂದು ಕೇಳಿ ನೋಡಿ. ಅದಕ್ಕೂ ಒಪ್ಪದಿದ್ದರೆ, ಅಥವಾ ನಿಮ್ಮ ಜಾಗಕ್ಕೆ ಬಂದವನು ನಾಲ್ಕರ ಬದಲು ಆರು ಕಳೆಯುತ್ತಾನೆ ಎಂದು ನಿಮಗೆ ಖಾತ್ರಿ ಇದ್ದರೆ, ಆಗ ಕಾರ್ಮಿಕ ಇಲಾಖೆಗೆ ತಿಳಿಸುವ ದಾರಿ ಇದೆ. ಅದು ಕೊನೆಯ ದಾರಿ, ಆದರೆ ಅದು ದ್ರೋಹವಲ್ಲ. ಹನ್ನೊಂದು ವರ್ಷ ಅನುಭವ ಇರುವ, ಕಳ್ಳಲೆಕ್ಕ ಬರೆಯದ ರೈಟರ್ ಸಿಗುವುದು ಮಲೆನಾಡಿನಲ್ಲಿ ಎಷ್ಟು ಕಷ್ಟ ಎಂದು ಬೆಳೆಗಾರರೇ ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಕೊಯ್ಲಿನ ನಡುವೆ ಬಿಡುವುದಕ್ಕಿಂತ ಬೇರೆ ಕಡೆ ವಿಚಾರಿಸಿಕೊಂಡು ಬಿಡುವುದು ಮೇಲು.

ಹೋದ ವರ್ಷದ್ದು ಏನು ಮಾಡುವುದು ಎಂದು ನೀವು ಕೇಳಿಲ್ಲ. ನಾನೇ ಎತ್ತುತ್ತೇನೆ, ಯಾಕೆಂದರೆ ‘ಆಗ್ಲೇ ಹೇಳಿದ್ರೆ ಚೆನ್ನಾಗಿತ್ತು’ ಎಂಬ ಮಾತು ಕೇಳಿದವನು ನಾನು. ಹಳೆಯ ಹಾಜರಿ ಪುಸ್ತಕ ನಿಮ್ಮ ಹತ್ತಿರ ಇದೆ. ಯಾರ ಹೆಸರಿಗೆ ಎಷ್ಟು ಮೂಟೆ ಎಂದು ಅದರಲ್ಲಿ ಇರುತ್ತದೆ. ಒಂದು ಭಾನುವಾರ ಕೂತು ಪಟ್ಟಿ ಮಾಡಿ. ಸಾಹುಕಾರ್ರು ಮನಸ್ಸು ಮಾಡಿದರೆ ಬೋನಸ್ ಎಂದೋ ಬಾಕಿ ಎಂದೋ ಯಾವ ಹೆಸರಿನಲ್ಲಾದರೂ ಕೊಡಲಿ, ಹೆಸರಿಗಿಂತ ದುಡ್ಡು ಮುಟ್ಟುವುದು ಮುಖ್ಯ. ಅವರು ಮಾಡದಿದ್ದರೆ 48,000 ನಿಮ್ಮ ಜೇಬಿನಿಂದ ತುಂಬಿ ಎಂದು ಯಾರೂ ಹೇಳಲಾರರು, ಅದು ನಿಮ್ಮ ಮನೆಗೆ ಬಂದ ಹಣ ಅಲ್ಲ. ಆದರೆ ಈ ವರ್ಷವೂ ಅದೇ ಲೈನ್ ಮನೆಗೆ ಬಂದಿರುವವರಲ್ಲಿ ತೀರಾ ಕಷ್ಟದಲ್ಲಿರುವ ಒಬ್ಬಿಬ್ಬರಿಗೆ, ಹುಂಡಿಗೆ ಹಾಕಬೇಕೆಂದಿದ್ದ ಹಣವನ್ನು ಕೊಡಬಹುದು. ಕೊಡುವಾಗ ‘ಹೋದ ವರ್ಷ ತೂಕದಲ್ಲಿ ತಪ್ಪಿತ್ತು, ಇದು ನಿಮ್ಮದೇ’ ಎಂದು ಹೇಳಿ ಕೊಡಿ. ದಾನ ಎಂದು ಮಾತ್ರ ಕೊಡಬೇಡಿ.

ಸೋಮವಾರದ ಒಪ್ಪೊತ್ತು ಬಿಡಬೇಡಿ. ಮನಸ್ಸು ನಿಲ್ಲದಿದ್ದರೂ ದೀಪ ಹಚ್ಚಿ.

ಇದಕ್ಕೆಲ್ಲ ಮೊದಲು, ಇವತ್ತು ರಾತ್ರಿ ಊಟ ಆದ ಮೇಲೆ ಹೆಂಡತಿಗೆ ಹೇಳಿ. ಒಂದು ವರ್ಷದಿಂದ ಒಬ್ಬರೇ ಹೊತ್ತಿದ್ದೀರಿ. ಕೆಲಸ ಹೋದರೆ ಮನೆ ನಡೆಸಬೇಕಾದವರಲ್ಲಿ ಅವರೂ ಒಬ್ಬರು, ಸಾಹುಕಾರ್ರ ಮುಂದೆ ಏನು ಹೇಳಬೇಕು ಎಂದು ಗೊತ್ತುಮಾಡುವುದರಲ್ಲೂ ಅವರ ಪಾಲು ಇರಬೇಕು. ಅವರು ಬೈಯಬಹುದು, ಹೆದರಬಹುದು. ನನ್ನ ಹೆಂಡತಿಗೆ ಆ ಹಾಜರಿಯ ವಿಷಯ ಹೇಳಿದಾಗ, ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ, ‘ಆ ಹುಡುಗಿ ಯಾವೂರು?’